ಕೊಳ್ಳೆಯ ಗುಹೆ

ಆಟಕ್ಕೆ ಫಲವುಂಟೆ? ಆಡುವ ಹೊತ್ತಿನ ಉಲ್ಲಾಸವೇ ಆಟದ ಫಲವೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಗೋಲಿಯಾಟದ ಹುಡುಗನು ಗೆದ್ದ ಗೋಲಿಗಳಿಂದ ಕಿಸೆ ತುಂಬಿಕೊಂಡು ಮನೆಗೆ ಬರುತ್ತಾನೆಂಬುದು ನಿಜ. ಆದರೆ ಮರುದಿನ ಅವನು ಅಂಗಳಕ್ಕೆ ಓಡುವುದು ಆಟಕ್ಕಾಗಿಯೋ ಗೋಲಿಗಾಗಿಯೋ ಎಂದು ಕೇಳಿದರೆ ಅವನಿಗೇ ತಿಳಿಯದು. ಈ ಎರಡು ಆಸೆಗಳನ್ನು ಬೇರ್ಪಡಿಸಿ ತೋರಿಸಿದ ಉದಾಹರಣೆಯೊಂದು ಈ ಶತಮಾನದ ವಿಡಿಯೊ ಆಟಗಳಲ್ಲಿ ದೊರೆಯುತ್ತದೆ.

ಅಮೆರಿಕೆಯ ಬಂಗೀ ಸಂಸ್ಥೆಯವರ 'ಡೆಸ್ಟಿನಿ' ಎಂಬ ಆಟ 2014ರ ಸೆಪ್ಟೆಂಬರ್ 9ರಂದು ಹೊರಬಂದಿತು. ಪರದೆಯ ಮೇಲೆ ಶತ್ರುಗಳಿಗೆ ಗುಂಡಿಕ್ಕುವುದು, ಅವರು ಬಿದ್ದಲ್ಲಿ ಉದುರುವ ಆಯುಧ ಕವಚಗಳನ್ನು ಆಯ್ದುಕೊಳ್ಳುವುದು, ಅವುಗಳ ಬಲದಿಂದ ಇನ್ನೂ ಪ್ರಬಲರಾದ ಶತ್ರುಗಳನ್ನು ಎದುರಿಸುವುದು, ಇದೇ ಅದರ ಕ್ರಮ. ಇದನ್ನು ಕೇವಲ ಲೋಭದ ಬಲೆಯೆಂದು ತಳ್ಳಿಹಾಕುವುದು ನ್ಯಾಯವಾಗದು. ಗುರಿಯಿಟ್ಟು ಹೊಡೆಯುವಾಗ ಕೈಗೂ ಕಣ್ಣಿಗೂ ಕೂಡಿಬರುವ ಹದವನ್ನು ಆಟದ ದೋಷ ಹೇಳಿದವರು ಸಹ ಹೊಗಳಿದರು. ಅದರ 'ವಾಲ್ಟ್ ಆಫ್ ಗ್ಲಾಸ್' ಎಂಬ ಭಾಗಕ್ಕೆ ಆರು ಮಂದಿ ಬೇಕು. ಅಪರಿಚಿತರನ್ನು ಯಂತ್ರವೇ ಜೊತೆಗೂಡಿಸುವ ಏರ್ಪಾಡು ಅಲ್ಲಿ ಇರಲಿಲ್ಲವಾದ್ದರಿಂದ ಆಡುವವನು ತಾನೇ ಸಂಗಾತಿಗಳನ್ನು ಹುಡುಕಿಕೊಳ್ಳಬೇಕಾಗಿತ್ತು. ಒಬ್ಬನ ತಪ್ಪಿಗೆ ಎಲ್ಲರೂ ಬೀಳಬಹುದಾದ ಆ ಕಾರ್ಯದಲ್ಲಿ ಪರಸ್ಪರರ ಮಾತನ್ನು ಆಲಿಸುತ್ತ ಗಂಟೆಗಟ್ಟಲೆ ಹೆಣಗಿ ಗೆದ್ದವರಿಗೆ ದೊರೆತ ಆನಂದ ಸುಳ್ಳಲ್ಲ.

ಆದರೆ ಗಳಿಕೆಯ ಹಂಚಿಕೆ ಅದೃಷ್ಟಕ್ಕೆ ಸೇರಿತ್ತು. 2015ರ ತನಕ 20ನೆಯ ಮೆಟ್ಟಿಲವರೆಗೆ ಅನುಭವದಿಂದ ಏರಬಹುದಾಗಿತ್ತು; ಅದರಾಚೆಗೆ ಏರಿಸುತ್ತಿದ್ದುದು ತೊಟ್ಟ ಕವಚ. ಎಷ್ಟೇ ನಿಪುಣರಾದರೂ ಒಂದೇ ಒಂದು ತುಂಡು ಕವಚ ಒಲಿಯದ ಕಾರಣ 30ಕ್ಕೆ ಏರದೆ 29ರಲ್ಲಿಯೇ ವಾರಗಟ್ಟಲೆ ನಿಂತವರು ಹಲವರು.

ಆಟ ಹೊರಬಂದ ತಿಂಗಳಲ್ಲಿಯೇ ಆಟಗಾರರು ಒಂದು ಗುಹೆಯನ್ನು ಕಂಡುಕೊಂಡರು. ಕೊಂದಷ್ಟೂ ಶತ್ರುಗಳು ಅದರ ಬಾಯಿಂದ ಮತ್ತೆ ಹೊರಟು ಬರುತ್ತಿದ್ದರು. ತಕ್ಕಷ್ಟು ದೂರದಲ್ಲಿ ಗುಂಪಾಗಿ ನಿಂತು ಗುಂಡು ಹಾರಿಸುವುದು, ಆಗಾಗ ಓಡಿಹೋಗಿ ಒಳಗೆ ಬಿದ್ದುದನ್ನು ಬಾಚಿಕೊಂಡು ಬರುವುದು; ಗಂಟೆಗಟ್ಟಲೆ ಇದೇ ಕೆಲಸ. ಸಾಹಸವಿಲ್ಲ, ಕೌಶಲವಿಲ್ಲ. ಚಂದ್ರ, ಶುಕ್ರ, ಮಂಗಳಗಳವರೆಗೆ ಹರಡಿದ್ದ ಆಟದ ವಿಸ್ತಾರವನ್ನೆಲ್ಲ ಬಿಟ್ಟು ಜನರು ಕತ್ತಲೆಯ ಬಿಲವೊಂದರ ಮುಂದೆ ನಿಂತರು! ಸೆಪ್ಟೆಂಬರ್ 25ರಂದು ನಿರ್ಮಾಪಕರು ಅದನ್ನು ನಿಲ್ಲಿಸಿದರು. ಕಪ್ಪು ತೂತಿಗೆ ಗುಂಡು ಹೊಡೆಯುತ್ತ ಕೂರುವುದು ತಮ್ಮ ಕನಸಲ್ಲವೆಂದರು. ಒಳ್ಳೆಯ ಮಾತೇ. ಆದರೆ ಸೊತ್ತನ್ನೇ ಏಣಿಯಾಗಿ ಕಟ್ಟಿದವರು ಯಾರು? ಅವರು ಕಲಿಸಿದ ಪಾಠವನ್ನು ಆಟಗಾರರು ಅವರಿಗಿಂತ ಚೆನ್ನಾಗಿ ಕಲಿತಿದ್ದರು, ಅಷ್ಟೆ. ಹಾಗೆಂದು ನಿಂತವರ ಹೊಣೆಯೇನೂ ಇಲ್ಲವೆನ್ನಲಾಗದು. ಗುಹೆಯ ಬಳಿಗೆ ಅವರನ್ನು ಯಾರೂ ಕಟ್ಟಿ ತಂದಿರಲಿಲ್ಲ.

ಇದೆಲ್ಲ ಬರಿಯ ಚಿತ್ರದ ಸಂಪತ್ತು, ಇದರಿಂದ ಯಾರಿಗೆ ಏನು ಹಾನಿಯೆಂಬ ಆಕ್ಷೇಪ ಬರಬಹುದು. 'ಗ್ಯಾಲರ್‌ಹಾರ್ನ್' ಎಂಬ ಅಸ್ತ್ರದ ವೃತ್ತಾಂತವನ್ನು ನೋಡಬೇಕು. ಬಲು ಪ್ರಬಲವೂ ಅಪರೂಪವೂ ಆದ ಈ ರಾಕೆಟ್ ಅಸ್ತ್ರ ಇಲ್ಲದವರನ್ನು ಅನೇಕ ತಂಡಗಳು ಸೇರಿಸಿಕೊಳ್ಳಲೇ ಇಲ್ಲ. ಬಂದವನು ಬಲ್ಲವನೋ, ತಾಳ್ಮೆಯುಳ್ಳವನೋ, ಕಷ್ಟದಲ್ಲಿ ಜೊತೆಗೆ ನಿಲ್ಲುವವನೋ ಎಂದು ವಿಚಾರಿಸದೆ, ಅದು ಇದೆಯೆ ಎಂದಷ್ಟೇ ಕೇಳಿದರು. ಅಸ್ತ್ರ ಚಿತ್ರದ್ದಿರಬಹುದು, ಬಾಗಿಲಿನಿಂದ ಹಿಂದಿರುಗಿದವನು ಚಿತ್ರದವನಲ್ಲ. ಆರು ಮಂದಿಯ ಸಂಗವಿಲ್ಲದೆ ನಡೆಯದ ಆಟದಲ್ಲಿಯೇ ಸೊತ್ತು ನೋಡಿ ಸಂಗ ಮಾಡುವ ಪದ್ಧತಿ ಬೇರೂರಿತು. 2015ರ ಸೆಪ್ಟೆಂಬರಿನಲ್ಲಿ ಆ ಅಸ್ತ್ರದ ಬಲವನ್ನು ಕುಗ್ಗಿಸಿದರು. ಅಷ್ಟು ದಿನ ಹೊರಗೆ ನಿಂತವರಿಗೆ ಅದರಿಂದ ಸಮಾಧಾನವಾಯಿತೋ ಏನೋ.

ಸಂಸ್ಥೆಗೆ 30 ವರ್ಷ ತುಂಬಿದ ಸಂಭ್ರಮದಲ್ಲಿ, 2021ರ ಡಿಸೆಂಬರಿನಲ್ಲಿ, 'ಡೆಸ್ಟಿನಿ 2'ರೊಳಗೆ ಆ ಹಳೆಯ ಗುಹೆಯ ಬಾಯಿ ಮತ್ತೆ ತೆರೆಯಿತು. ಮೂವರು ಕೂಡಿ ಇಳಿಯುವ ಆ ನೆಲಮಾಳಿಗೆಗೆ ಇಟ್ಟ ಇಂಗ್ಲಿಷ್ ಹೆಸರಿನ ಅರ್ಥ 'ಲೋಭದ ಹಿಡಿತ'. ಒಳಗೆ ಹೋಗಲು ಬೇರೆ ಬೆಲೆ ತೆರಬೇಕಿತ್ತು. ಅದೇ ಕಟ್ಟಿನಲ್ಲಿ ಗ್ಯಾಲರ್‌ಹಾರ್ನ್ ಸಹ ಹಿಂದಿರುಗಿ ಬಂದಿತ್ತು.