ಏರುವವರು, ಹೊರುವವರು

ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ, ನಮ್ಮ ಶಿವಮೊಗ್ಗದ ಕಡೆಯಿಂದಲೂ ಹುಡುಗ ಹುಡುಗಿಯರು ತಂಡ ಕಟ್ಟಿಕೊಂಡು ಹಿಮಾಲಯಕ್ಕೆ ಹೊರಡುತ್ತಾರೆ. ಉತ್ತರಾಖಂಡದ ಸಾಂಕ್ರಿ ಹಳ್ಳಿಯಿಂದ ಹಿಮದ ಮೇಲೆ ನಡೆದು ಸುಮಾರು 12,500 ಅಡಿ ಎತ್ತರದ ಕೇದಾರಕಂಠದ ತುದಿ ಮುಟ್ಟುತ್ತಾರೆ. ಹಿಂದಿರುಗಿ ಬಂದವರು ಒಂದು ಮಾತು ಹೇಳುತ್ತಾರೆ: ‘ಅಲ್ಲಿ ಜಾತಿಯಿಲ್ಲ, ಮೇಲು ಕೀಳಿಲ್ಲ, ಹಿಮದ ಎದುರು ಎಲ್ಲರೂ ಒಂದೇ.’

ಈ ಮಾತು ನಿಜವೆ?

ಬೆಟ್ಟ ಹತ್ತುವವರನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲದ ಹಾದಿಯಲ್ಲಿ ಕರ್ನಾಟಕದಿಂದ ಹೋದ ತಂಡವೊಂದರ 9 ಮಂದಿ ಹಿಮಗಾಳಿಗೆ ಸಿಕ್ಕಿ ಸತ್ತರು. ಆ ಸಾವು ನಮ್ಮದೇ ಮನೆಯ ಸಾವು. ಚಳಿ ಯಾರ ಜಾತಿಯನ್ನೂ ಕೇಳುವುದಿಲ್ಲ, ಒಪ್ಪೋಣ. ಆದರೆ ಆ ಚಳಿಯೊಳಕ್ಕೆ ಯಾರು ತಾವಾಗಿ ಹೋದರು, ಯಾರನ್ನು ಹೊಟ್ಟೆಪಾಡು ನೂಕಿತು ಅನ್ನುವುದು ಬೇರೆ ಪ್ರಶ್ನೆ. ಸಮಾನತೆಯ ಪ್ರಶ್ನೆ ಇರುವುದು ಅಲ್ಲಿ.

ಚಾರಣದ ತಂಡವೊಂದನ್ನು ನೋಡಿ. ಡೇರೆ ಹೊತ್ತವನಿದ್ದಾನೆ, ಅಡಿಗೆಯವನಿದ್ದಾನೆ, ಹೇಸರಗತ್ತೆ ಹೊಡೆಯುವವನಿದ್ದಾನೆ. ದಿನಕ್ಕಿಷ್ಟು ಅಂತ ದುಡ್ಡು ಕೊಟ್ಟರೆ ನಮ್ಮ ಬೆನ್ನಿನ ಚೀಲವೂ ಇನ್ನೊಬ್ಬನ ಬೆನ್ನಿಗೆ, ಇಲ್ಲವೆ ಹೇಸರಗತ್ತೆಯ ಬೆನ್ನಿಗೆ ಹೋಗುತ್ತದೆ. ಇವರೆಲ್ಲ ತಂಡ ಎದ್ದ ಮೇಲೆ ಡೇರೆ ಕಿತ್ತು, ತಂಡಕ್ಕಿಂತ ಮೊದಲು ಮುಂದಿನ ಜಾಗ ಮುಟ್ಟಿ ಒಲೆ ಹೊತ್ತಿಸಿರುತ್ತಾರೆ. ಊರಿಗೆ ಬಂದ ಮೇಲೆ ‘ನಾವು ಹದಿನೈದು ಜನ ಹೋಗಿದ್ವಿ’ ಅನ್ನುತ್ತೇವಲ್ಲ, ಆ ಹದಿನೈದರಲ್ಲಿ ಅವರಿದ್ದಾರೆಯೆ? ‘ನಾವು’ ಎಂಬ ಸಣ್ಣ ಮಾತಿನೊಳಗೆ ಯಾರು ಸೇರಿದರು, ಯಾರು ಹೊರಗುಳಿದರು ಅನ್ನುವುದೇ ಈ ನೆಲದ ಹಳೆಯ ಜಗಳ.

ಹಿಮಾಲಯದ ತನಕ ಯಾಕೆ ಹೋಗಬೇಕು? ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹೊರಟರೆ ತುಂಗೆಯ ಹಿನ್ನೀರಿನ ದಡದಲ್ಲಿ ಸಕ್ರೆಬೈಲು ಸಿಗುತ್ತದೆ. ಅಲ್ಲಿನ ಆನೆಗಳನ್ನು ಕಾಲಿಗೆ ಸರಪಳಿ ಹಾಕಿ ಕಾಡಿಗೆ ಮೇಯಲು ಬಿಡುತ್ತಾರೆ. ಮಾಗಿಯ ಚಳಿಯಲ್ಲಿ, ಇಬ್ಬನಿ ಸುರಿಯುವ ಹೊತ್ತಿನಲ್ಲಿ, ಮಾವುತರು ಕಾವಾಡಿಗಳು ಆ ಸರಪಳಿ ಎಳೆದ ಗೆರೆ ಹಿಡಿದು ಕಾಡೊಳಗೆ ನಡೆಯುತ್ತಾರೆ. ಆನೆ ಎಷ್ಟು ದೂರ ಹೋಗಿದೆಯೋ ಅಷ್ಟು ದೂರ ಅವರ ದಾರಿ. ಬಿಸಿಲೇರುವ ಹೊತ್ತಿಗೆ ನಾವು ಟಿಕೀಟು ಕೊಂಡು ಹೋಗಿ ಆನೆಯ ಸ್ನಾನ ನೋಡಿ ಖುಷಿಪಡುತ್ತೇವೆ. ಕಾವಾಡಿಯ ನಡಿಗೆಯನ್ನು ಯಾರೂ ಚಾರಣ ಅನ್ನುವುದಿಲ್ಲ. ಕಾಲು ಅದೇ ಕಾಲು, ಚಳಿ ಅದೇ ಚಳಿ. ಒಂದೇ ವ್ಯತ್ಯಾಸ: ‘ಇವತ್ತು ಒಲ್ಲೆ’ ಅನ್ನುವ ಹಾಗಿಲ್ಲ.

ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯೂ ಒಂದು ಬೆಟ್ಟವೇ. ಹರಕೆಯ ಹೆಸರಲ್ಲಿ ವರದೆಯಲ್ಲಿ ಮುಳುಗಿ ಬೆತ್ತಲೆಯಾಗಿ ಆ ಬೆಟ್ಟ ಏರಿದವರಲ್ಲಿ ಹೆಚ್ಚಿನವರು ಯಾರು? ದಲಿತ, ಹಿಂದುಳಿದ ಜಾತಿಗಳ ಹೆಣ್ಣುಮಕ್ಕಳು. ಅದೂ ಗುಂಪಾಗಿ ಬೆಟ್ಟ ಹತ್ತುವುದೇ ಆಗಿತ್ತು. ‘ಅವರು ಇಷ್ಟಪಟ್ಟೇ ಹತ್ತುತ್ತಾರೆ’ ಎಂದು ವಾದಿಸಿದವರೂ ಇದ್ದರು. ದೇವಿಯ ಭಯ, ಊರಿನ ಭಯ ಎರಡೂ ಬೆನ್ನಿಗಿರುವಾಗ ಇಷ್ಟ ಅನ್ನುವುದಕ್ಕೆ ಏನರ್ಥ? 1986ರಲ್ಲಿ ದಲಿತ ಸಂಘರ್ಷ ಸಮಿತಿಯವರು ಅಲ್ಲಿಗೆ ಹೋಗಿ ಬೇಡ ಎಂದರು, ಹೊಡೆತ ತಿಂದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು.

ಹಿಮದ ಚರಿತ್ರೆ ಇದಕ್ಕಿಂತ ಬೇರೆಯಲ್ಲ. 1922ರ ಜೂನ್ 7ರಂದು ಬ್ರಿಟಿಷರ ಎವರೆಸ್ಟ್ ತಂಡದ ಮೇಲೆ ಹಿಮ ಕುಸಿದಾಗ ಸತ್ತವರು ಏಳು ಮಂದಿ. ಏಳೂ ಜನ ಹೊರೆಯಾಳುಗಳು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ತುದಿ ಮುಟ್ಟಿದರು. ಆ ತಂಡದ ಸಾಮಾನನ್ನು ಮುನ್ನೂರಕ್ಕೂ ಹೆಚ್ಚು ಕೂಲಿಗಳು ಹೊತ್ತಿದ್ದರು. ಅವರ ಹೆಸರು ಯಾವ ಪಠ್ಯಪುಸ್ತಕದಲ್ಲಿದೆ? 2014ರ ಏಪ್ರಿಲ್ 18ರಂದು ಮತ್ತೆ ಹಿಮ ಕುಸಿದು 16 ನೇಪಾಳಿ ದುಡಿಮೆಗಾರರು ಸತ್ತರು. ಸರ್ಕಾರ ಮೊದಲು ಹೇಳಿದ ಪರಿಹಾರ 40,000 ನೇಪಾಳಿ ರೂಪಾಯಿ. ಆಗ ಶೆರ್ಪಾಗಳು ‘ಒಲ್ಲೆವು’ ಎಂದರು. ನೇಪಾಳದ ಕಡೆಯಿಂದ ಆ ವಸಂತದ ಆರೋಹಣ ಬಹುಮಟ್ಟಿಗೆ ನಿಂತೇಹೋಯಿತು. ಹೊರುವವನು ನಿಂತರೆ ಏರುವವನೂ ನಿಲ್ಲುತ್ತಾನೆ! ಆ ಬೆಟ್ಟ ಯಾರ ಬೆನ್ನ ಮೇಲಿತ್ತು ಅನ್ನುವುದು ಲೋಕಕ್ಕೆ ಆವತ್ತು ಕಂಡಿತು.

ಅದೇ ವರ್ಷ ಮೇ 25ರಂದು ಟಿಬೆಟ್ಟಿನ ಕಡೆಯಿಂದ ಇಬ್ಬರು ಮಕ್ಕಳು ಎವರೆಸ್ಟ್ ಏರಿದರು. ಲಂಬಾಣಿ ಹುಡುಗಿ ಪೂರ್ಣಾ ಮಾಲಾವತ್‌ಗೆ ಆಗ 13 ವರ್ಷ. ಜೊತೆಗಿದ್ದ ಆನಂದ ಕುಮಾರ್ ದಲಿತ ಹುಡುಗ. ಇಬ್ಬರೂ ಈಗಿನ ತೆಲಂಗಾಣದ ಸಮಾಜ ಕಲ್ಯಾಣ ವಸತಿ ಶಾಲೆಗಳಲ್ಲಿ ಓದುತ್ತಿದ್ದವರು. ನಮ್ಮ ಎದೆ ಉಬ್ಬುವ ಸುದ್ದಿ ಅದು, ಉಬ್ಬಲಿ. ಆದರೆ ಅವರ ಜೊತೆಗೂ ಶೆರ್ಪಾಗಳಿದ್ದರು. ನಮ್ಮವರು ಏರಿದಾಗಲೂ ಹೊರುವವರಿರುತ್ತಾರೆ. ಕೂಲಿ ಮಾಡಿದ ಅವ್ವನ ಬೆನ್ನೇರಿ ಕಾಲೇಜು ಕಂಡವರು, ಮೇಷ್ಟ್ರಾದವರು, ಗುಮಾಸ್ತರಾದವರು ನಮ್ಮಲ್ಲಿ ಎಷ್ಟಿಲ್ಲ? ಮೇಲೆ ಹೋಗಿ ನಿಂತು ಕೆಳಗಿನವರ ಲೆಕ್ಕ ಬಿಟ್ಟರೆ ನಾವು ತುದಿ ಮುಟ್ಟಿದಂತಲ್ಲ, ಜಾತಿಯ ಏಣಿಯಲ್ಲಿ ಒಂದು ಮೆಟ್ಟಿಲು ಹತ್ತಿದಂತೆ, ಅಷ್ಟೆ.

ಬೆಟ್ಟಕ್ಕೂ ಜಾತಿಗೂ ಇರುವ ಅಂತರ ಇದು. ಬೆಟ್ಟದ ಎತ್ತರವನ್ನು ಕಾಲಿನಿಂದ ಗಳಿಸಬೇಕು, ಹೊತ್ತು ಮುಳುಗುವುದರೊಳಗೆ ಇಳಿದು ಬರಲೂಬೇಕು. ಜಾತಿಯ ಎತ್ತರದಲ್ಲಿ ಕೂತವನು ಹತ್ತಿದ್ದೂ ಇಲ್ಲ, ಇಳಿಯುವುದೂ ಇಲ್ಲ.

ಆದ್ದರಿಂದ ಬೆಟ್ಟ ಬೇಡ ಎಂದು ನಾವು ಹೇಳುತ್ತಿಲ್ಲ. ಹಿಮ ನೋಡುವ ಆಸೆ ಉಳ್ಳವರ ಸ್ವತ್ತಲ್ಲ. ನಮ್ಮ ಕೇರಿಯ ಮಕ್ಕಳೂ ನೋಡಲಿ. ಕೇಳುವುದಿಷ್ಟು: ಜೊತೆಗೆ ಬಂದ ಪ್ರತಿಯೊಬ್ಬನಿಗೂ ‘ಒಲ್ಲೆ’ ಅನ್ನುವ ಹಕ್ಕಿರಲಿ, ಮತ್ತು ಪ್ರತಿಯೊಬ್ಬನೂ ಎಣಿಕೆಯಲ್ಲಿರಲಿ. ಕೊಡಚಾದ್ರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳೆ, ಎಷ್ಟು ಮಕ್ಕಳು ತುದಿ ಮುಟ್ಟಿದರು ಅಂತ ಆಮೇಲೆ ಎಣಿಸಿ. ಅನ್ನದ ಪಾತ್ರೆ ಮುಟ್ಟಬೇಡ ಎಂದು ಯಾವ ಮಗುವಿಗೆ ಹೇಳಿದರು, ನೀರಿನ ಕೊಡವನ್ನು ಕಡೆಯವರೆಗೆ ಯಾವ ಮಗುವಿನ ಹೆಗಲ ಮೇಲೆ ಬಿಟ್ಟರು, ಅದನ್ನು ಮೊದಲು ನೋಡಿ.