ಜೀವಕ್ಕೆ ಬೆಲೆ ಕಟ್ಟಿದವರು



ಮನುಷ್ಯನ ಜೀವಕ್ಕೆ ಬೆಲೆ ಕಟ್ಟಲು ಸಾಧ್ಯವೇ? ಇಲ್ಲ ಎಂದು ನೀವು ತಟ್ಟನೆ ಹೇಳುವಿರಿ. ದೇವರು ಕೊಟ್ಟ ಜೀವವನ್ನು ತಕ್ಕಡಿಗೆ ಹಾಕುವುದು ಹೇಗೆ ಎಂದು ಕೇಳುವಿರಿ. ಆದರೆ ಸುಮಾರು 1,400 ವರ್ಷಗಳ ಹಿಂದೆ ಇಂಗ್ಲೆಂಡಿನ ಜನ ಈ ಬೆಲೆಯನ್ನು ಕಾನೂನಿನಲ್ಲಿಯೇ ಬರೆದಿಟ್ಟಿದ್ದರು. ಅವರನ್ನು ಅನಾಗರಿಕರೆಂದು ತಳ್ಳಿಹಾಕುವ ಮೊದಲು ಅವರ ಕಥೆಯನ್ನು ಸ್ವಲ್ಪ ಸಾವಧಾನದಿಂದ ಕೇಳೋಣ. ನಮ್ಮ ಕುಟುಂಬಗಳ ವ್ಯಾಜ್ಯಗಳಿಗೂ ಅದರಲ್ಲಿ ಪಾಠವಿದೆ.

ಆಂಗ್ಲೋ-ಸ್ಯಾಕ್ಸನ್ನರು 5ನೆಯ ಶತಮಾನದಲ್ಲಿ ಇಂದಿನ ಜರ್ಮನಿ, ಡೆನ್ಮಾರ್ಕ್‌ಗಳ ಕಡೆಯಿಂದ ಸಮುದ್ರ ದಾಟಿ ಬ್ರಿಟನ್ನಿಗೆ ಬಂದು ನೆಲೆಸಿದವರು. 597ರಲ್ಲಿ ಜಗದ್ಗುರು ಮಹಾ ಗ್ರೆಗೋರಿಯವರು ಕಳುಹಿಸಿದ ಸಂತ ಅಗಸ್ಟೀನರು ಸಂಗಡಿಗರೊಂದಿಗೆ ಕೆಂಟ್ ರಾಜ್ಯದಲ್ಲಿ ಬಂದಿಳಿದರು. ಅಲ್ಲಿನ ರಾಜ ಎಥೆಲ್‌ಬರ್ಟ್ ಜ್ಞಾನಸ್ನಾನ ಪಡೆದ. ಸುಮಾರು 600ರ ಹೊತ್ತಿಗೆ ಆತ ತನ್ನ ನಾಡಿನ ಕಟ್ಟಳೆಗಳನ್ನು ಲ್ಯಾಟಿನ್‌ನಲ್ಲಲ್ಲ, ಜನರಾಡುವ ಭಾಷೆಯಲ್ಲಿಯೇ ಬರೆಸಿದ. ಇಂಗ್ಲಿಷ್ ಭಾಷೆಯಲ್ಲಿ ನಮಗೆ ದೊರಕಿರುವ ಅತಿ ಹಳೆಯ ಕಾನೂನು ಅದೇ.

ಆ ಕಟ್ಟಳೆಯಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಬೆಲೆ. ಹೆಬ್ಬೆರಳು ಕಡಿದವನು 20 ಶಿಲ್ಲಿಂಗ್ ತೆರಬೇಕು. ಹೆಬ್ಬೆರಳಿನ ಉಗುರು ಹೋದರೆ 3, ಮುಂದಿನ ನಾಲ್ಕು ಹಲ್ಲುಗಳಲ್ಲಿ ಒಂದೊಂದಕ್ಕೆ 6, ಕಣ್ಣು ಹೋದರೆ 50. ಸಾಮಾನ್ಯ ಸ್ವತಂತ್ರ ಮನುಷ್ಯನನ್ನು ಕೊಂದರೆ 100 ಶಿಲ್ಲಿಂಗ್. ಅದರಲ್ಲಿ 20ನ್ನು ಗುಂಡಿ ಮುಚ್ಚುವ ಮೊದಲೇ, ತೆರೆದ ಸಮಾಧಿಯ ಬಳಿಯೇ ಕೊಡಬೇಕು; 40 ದಿನಗಳೊಳಗೆ ಪೂರ್ತಿ ತೀರಿಸಬೇಕು. ಇಂಥ ಹಣಕ್ಕೆ ಆ ಜನರಲ್ಲಿ ಬಳಕೆಗೆ ಬಂದ ಹೆಸರು 'ವೆರ್‌ಗಿಲ್ಡ್', ಅಂದರೆ ಮನುಷ್ಯನಿಗಾಗಿ ತೆರುವ ಹಣ.

ಈ ಬೆಲೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ವೆಸೆಕ್ಸ್ ರಾಜ್ಯದಲ್ಲಿ ಸಾಮಾನ್ಯ ರೈತನ ಜೀವಕ್ಕೆ 200 ಶಿಲ್ಲಿಂಗ್, ಕುಲೀನನ ಜೀವಕ್ಕೆ 1,200. ಗುಲಾಮನಿಗೆ ವೆರ್‌ಗಿಲ್ಡೇ ಇರಲಿಲ್ಲ. ಅವನನ್ನು ಕೊಂದವನು ಒಡೆಯನಿಗೆ ನಷ್ಟ ತುಂಬಿಕೊಟ್ಟರೆ ಮುಗಿಯಿತು. ಸತ್ತವನ ತಾಯಿಯ ಕಣ್ಣೀರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ದೇವರ ಸ್ವರೂಪದಲ್ಲಿ ಸೃಷ್ಟಿಯಾದ ಮನುಷ್ಯನನ್ನು ಹೀಗೆ ಮೇಲು ಕೀಳಾಗಿ ತೂಗಿದ್ದು ಅನ್ಯಾಯವೇ ಸರಿ. ಆದರೆ ನಾವು ಬಹಳ ಜಂಬ ಪಡುವಂತಿಲ್ಲ. ರಸ್ತೆ ಅಪಘಾತದಲ್ಲಿ ಸತ್ತವನ ವಯಸ್ಸೆಷ್ಟು, ಸಂಪಾದನೆಯೆಷ್ಟು ಎಂದು ನೋಡಿ ಪರಿಹಾರ ಗೊತ್ತುಮಾಡುವ ಪದ್ಧತಿ ನಮ್ಮಲ್ಲೂ ಇದೆ.

ಹಾಗಿದ್ದರೂ ಇಂಥ ಕಾನೂನು ಏಕೆ ಬೇಕಾಯಿತು? ಅಂದು ಪೊಲೀಸರಿರಲಿಲ್ಲ, ಸೆರೆಮನೆಯ ವ್ಯವಸ್ಥೆ ಇರಲಿಲ್ಲ. ಮನುಷ್ಯನಿಗೆ ಕಾವಲೆಂದರೆ ಅವನ ಬಂಧುಬಳಗ. ಒಬ್ಬನನ್ನು ಕೊಂದರೆ ಅವನ ಅಣ್ಣತಮ್ಮಂದಿರು ಬಂದು ಕೊಲ್ಲುತ್ತಾರೆಂಬ ಭಯವೇ ಕಾನೂನು. ಆದರೆ ಮುಯ್ಯಿಗೆ ಮುಯ್ಯಿ ತೀರಿಸಲು ಹೊರಟರೆ ಕೊನೆಯೆಲ್ಲಿ? ಆ ಸರಪಳಿಯನ್ನು ಕಡಿಯಲು ಅವರು ಕಂಡುಕೊಂಡ ಉಪಾಯವೇ ಈ ಹಣ. ಅವರ ಪ್ರಸಿದ್ಧ ಕಾವ್ಯ 'ಬೇಯೊವುಲ್ಫ್'ನಲ್ಲಿ ಗ್ರೆಂಡೆಲ್ ಎಂಬ ರಾಕ್ಷಸ ಬರುತ್ತಾನೆ. ಕೊಂದವರಿಗಾಗಿ ಹಣ ತೆತ್ತು ರಾಜಿಯಾಗಲು ಅವನು ಒಪ್ಪುವವನಲ್ಲ ಎಂದು ಕವಿ ಹೇಳುತ್ತಾನೆ. ಅಂದರೆ ಮಾಡಿದ ಕೇಡಿಗೆ ಲೆಕ್ಕ ಕೊಡುವವನು ಮನುಷ್ಯ, ಕೊಡದವನು ರಾಕ್ಷಸ ಎಂಬುದು ಆ ಜನರ ತಿಳುವಳಿಕೆಯಾಗಿತ್ತು.

ಈ ಉಪಾಯದಿಂದ ಎಷ್ಟು ಜೀವ ಉಳಿಯಬಹುದೆಂಬುದಕ್ಕೆ ಪೂಜ್ಯ ಬೀಡ್ ಅವರು 731ರಲ್ಲಿ ಮುಗಿಸಿದ ಧರ್ಮಸಭೆಯ ಇತಿಹಾಸದಲ್ಲಿ ಒಂದು ಉದಾಹರಣೆ ಇದೆ. 679ರಲ್ಲಿ ಟ್ರೆಂಟ್ ನದಿಯ ಬಳಿ ಎರಡು ಕ್ರೈಸ್ತ ರಾಜ್ಯಗಳಿಗೆ ಯುದ್ಧವಾಯಿತು. ನಾರ್ತಂಬ್ರಿಯದ ರಾಜ ಎಗ್‌ಫ್ರಿತನ ತಮ್ಮ ಎಲ್ಫ್‌ವಿನ್ ಅದರಲ್ಲಿ ಮಡಿದ. ವಯಸ್ಸು ಸುಮಾರು 18. ಎರಡೂ ನಾಡುಗಳಿಗೆ ಬೇಕಾದವನು, ಏಕೆಂದರೆ ಎದುರಾಳಿ ಮರ್ಸಿಯದ ರಾಜ ಎಥೆಲ್‌ರೆಡ್ ಅವನ ಅಕ್ಕತಂಗಿಯರಲ್ಲೊಬ್ಬಳಾದ ಓಸ್‌ತ್ರಿತಳ ಗಂಡ. ಇನ್ನೂ ದೊಡ್ಡ ಯುದ್ಧ ಖಂಡಿತ ಎನ್ನುವಾಗ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಥಿಯೋಡೋರ್ ಮಧ್ಯೆ ಬಂದರು. ಸಂತ ಪೌಲರ ಊರಾದ ತಾರ್ಸದಲ್ಲಿ ಹುಟ್ಟಿದ ಅವರಿಗೆ ಆಗ ಎಪ್ಪತ್ತೈದು ದಾಟಿತ್ತು. ತಮ್ಮನ ಸಾವಿಗೆ ಸಲ್ಲಬೇಕಾದ ಹಣವನ್ನು ಕೊಡುವಂತೆ ಒಬ್ಬ ರಾಜನನ್ನೂ ಪಡೆದುಕೊಂಡು ಸುಮ್ಮನಾಗುವಂತೆ ಇನ್ನೊಬ್ಬನನ್ನೂ ಅವರು ಒಪ್ಪಿಸಿದರು. ಎಲ್ಫ್‌ವಿನನ ಜೀವಕ್ಕೆ ಬದಲಾಗಿ ಇನ್ನೊಂದು ಜೀವ ಹೋಗಲಿಲ್ಲ. ಎರಡು ನಾಡುಗಳ ನಡುವೆ ಬಹುಕಾಲ ಶಾಂತಿ ನೆಲೆಸಿತು. ಎಷ್ಟು ತಾಯಂದಿರ ಮಕ್ಕಳು ಆ ದಿನ ಮನೆಗೆ ಮರಳಿದರೆಂದು ಯೋಚಿಸಿ ನೋಡಿ.

ಹಾಗಾದರೆ ಹಣದಿಂದ ಎಲ್ಲವೂ ಸರಿಹೋಯಿತೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತದೆ ನಮ್ಮ ಗಾದೆ. ಹೋದ ಜೀವದ ಮಾತು ಇನ್ನೆಷ್ಟು? ಬೇಯೊವುಲ್ಫ್ ಕಾವ್ಯದಲ್ಲಿಯೇ ಹ್ರೆಥೆಲ್ ಎಂಬ ಮುದಿ ರಾಜನಿದ್ದಾನೆ. ಅವನ ಒಬ್ಬ ಮಗ ಬಿಟ್ಟ ಬಾಣ ಗುರಿ ತಪ್ಪಿ ಇನ್ನೊಬ್ಬ ಮಗನಿಗೆ ತಾಗಿ ಅವನು ಸತ್ತ. ತಂದೆ ಯಾರ ಮೇಲೆ ಸೇಡು ತೀರಿಸಬೇಕು? ಯಾರಿಂದ ಹಣ ಕೇಳಬೇಕು? ಕಾನೂನಿಗೆ ಇಲ್ಲಿ ದಾರಿಯೇ ಇಲ್ಲ. ಆ ತಂದೆ ಕೊರಗಿ ಕೊರಗಿ ಸತ್ತ. ಟ್ರೆಂಟ್ ಯುದ್ಧದ ಕಥೆಗೂ ಒಂದು ಕಹಿ ಬಾಲವಿದೆ. ತಮ್ಮನ ಊರಿಗೂ ಗಂಡನ ಊರಿಗೂ ಸೇತುವೆಯಂತಿದ್ದ ರಾಣಿ ಓಸ್‌ತ್ರಿತಳನ್ನು 697ರಲ್ಲಿ ಮರ್ಸಿಯದ ಪ್ರಮುಖರೇ ಕೊಂದರು. ಹಣ ಕತ್ತಿಯನ್ನು ತಡೆಯಬಲ್ಲದು, ಮನಸ್ಸನ್ನು ಬದಲಿಸಲಾರದು.

ಹಾಗಿದ್ದರೆ ಪ್ರಭು ಯೇಸು ಕಲಿಸಿದಂತೆ ಲೆಕ್ಕವಿಡದೆ ಕ್ಷಮಿಸಿಬಿಡಬಾರದೇ? ಇದೇ ಕಾಲದಲ್ಲಿ ಪೂರ್ವ ಸ್ಯಾಕ್ಸನ್ನರ ರಾಜ ಸಿಗೆಬರ್ಟ್ ಹಾಗೆ ಮಾಡಿ ನೋಡಿದ. ತಪ್ಪು ಮಾಡಿದವರು ಬಂದು ಕೇಳಿಕೊಂಡರೆ ಶಾಂತನಾಗಿ ಕ್ಷಮಿಸುತ್ತಿದ್ದ. ಕೊನೆಗೆ ಅವನ ಬಂಧುಗಳಾದ ಇಬ್ಬರು ಸಹೋದರರು ಅವನನ್ನು ಕೊಂದರು. ಏಕೆ ಕೊಂದಿರೆಂದು ಕೇಳಿದಾಗ, ಅವನು ಶತ್ರುಗಳನ್ನು ಅತಿ ಸುಲಭವಾಗಿ ಕ್ಷಮಿಸುತ್ತಿದ್ದನೆಂಬುದೇ ತಮ್ಮ ಸಿಟ್ಟಿಗೆ ಕಾರಣ ಎಂದರೆಂದು ಬೀಡ್ ಬರೆಯುತ್ತಾರೆ.

ಆ ಕೊಲೆಗಾರರ ವಾದವನ್ನು ನಾವು ಮರ್ಯಾದೆಯಿಂದಲೇ ಪರಿಶೀಲಿಸಬೇಕು, ಏಕೆಂದರೆ ನಮ್ಮ ಬಾಯಲ್ಲೂ ಅದೇ ಮಾತು ಬರುತ್ತದೆ. "ಸುಮ್ಮನೆ ಬಿಟ್ಟರೆ ತಲೆಯ ಮೇಲೆ ಕೂರುತ್ತಾರೆ" ಎನ್ನುತ್ತೇವಲ್ಲ! ಭಯವೇ ಕಾವಲಾಗಿದ್ದ ನಾಡಿನಲ್ಲಿ ರಾಜನೇ ಭಯವನ್ನು ತೆಗೆದುಬಿಟ್ಟರೆ ದುರ್ಬಲರ ಗತಿಯೇನು? ಈ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಒಂದನ್ನು ಗಮನಿಸಿ. ಸಿಗೆಬರ್ಟನನ್ನು ಕೊಂದವರು ಅವನು ಕ್ಷಮಿಸಿದ ಶತ್ರುಗಳಲ್ಲ, ಕ್ಷಮೆಯನ್ನು ಸಹಿಸಲಾರದ ನೆಂಟರು. ಮನೆಯಲ್ಲಿ ಒಬ್ಬರು ರಾಜಿಗೆ ಒಪ್ಪಿದಾಗ ಅದನ್ನು ಕೆಡಿಸುವವರು ಎಷ್ಟೋ ಸಲ ಎದುರಾಳಿಗಳಲ್ಲ, ನಮ್ಮ ಪಕ್ಕದಲ್ಲಿ ಕುಳಿತವರೇ.

ಹಾಗಾದರೆ ಹಣವೋ, ಕ್ಷಮೆಯೋ? ಇದಕ್ಕೆ ಒಬ್ಬ ಹೆಣ್ಣುಮಗಳು ಕಂಡುಕೊಂಡ ದಾರಿಯನ್ನು ನೋಡೋಣ. 651ರಲ್ಲಿ ರಾಜ ಓಸ್ವಿಯು ನೆರೆ ರಾಜ್ಯದ ಓಸ್ವಿನ್ ಎಂಬ ಸಾಧು ರಾಜನ ಮೇಲೆ ದಂಡೆತ್ತಿ ಬಂದ. ತನ್ನ ಸೈನ್ಯ ಚಿಕ್ಕದೆಂದು ಕಂಡ ಓಸ್ವಿನ್ ಯುದ್ಧ ಬೇಡವೆಂದು ಸೈನಿಕರನ್ನು ಮನೆಗೆ ಕಳುಹಿಸಿ ಒಬ್ಬ ಗೆಳೆಯನ ಮನೆಯಲ್ಲಿ ಅಡಗಿದ. ಆ ಗೆಳೆಯನೇ ಹಿಡಿದುಕೊಟ್ಟ. ಓಸ್ವಿ ಅವನನ್ನು ಗಿಲ್ಲಿಂಗ್ ಎಂಬಲ್ಲಿ ಕೊಲ್ಲಿಸಿದ. ಓಸ್ವಿಯ ರಾಣಿ ಎಯನ್‌ಫ್ಲೆಡ್ ಸತ್ತವನ ದಾಯಾದಿ. ಕೊಲ್ಲಿಸಿದವನ ಹೆಂಡತಿ, ಕೊಲೆಯಾದವನ ರಕ್ತಸಂಬಂಧಿ! ಆಕೆ ಸೇಡಿಗೆ ಕರೆಕೊಡಲಿಲ್ಲ. ಆದದ್ದು ಆಗಿಹೋಯಿತೆಂದು ಮರೆಸಲೂ ಇಲ್ಲ. ಕೊಲೆ ನಡೆದ ಗಿಲ್ಲಿಂಗ್‌ನಲ್ಲಿಯೇ ಒಂದು ಮಠ ಕಟ್ಟಲು ಭೂಮಿ ಕೊಡಬೇಕೆಂದು ಗಂಡನನ್ನು ಕೇಳಿದಳು. ಸತ್ತವನ ಬಂಧುವೇ ಆಗಿದ್ದ ಟ್ರಂಹೆರೆ ಎಂಬ ಗುರು ಅದರ ಮಠಾಧಿಪತಿಯಾದರು. ಅಲ್ಲಿ ಪ್ರತಿದಿನ ಇಬ್ಬರು ರಾಜರಿಗಾಗಿಯೂ, ಕೊಲೆಯಾದವನಿಗಾಗಿಯೂ ಕೊಲ್ಲಿಸಿದವನಿಗಾಗಿಯೂ, ಪ್ರಾರ್ಥನೆ ನಡೆಯಬೇಕೆಂಬುದು ಆ ಮಠದ ಉದ್ದೇಶ.

ಇಲ್ಲಿ ತೆರುವುದೂ ಇದೆ, ಕ್ಷಮೆಯೂ ಇದೆ. ಒಂದು ಇನ್ನೊಂದರ ಜಾಗವನ್ನು ಕಿತ್ತುಕೊಂಡಿಲ್ಲ. ತೆರುವುದು ತಪ್ಪು ಮಾಡಿದವನ ಕರ್ತವ್ಯ. ಕ್ಷಮಿಸುವುದು ನೊಂದವರು ದೇವರ ಕೃಪೆಯಿಂದ ಕೊಡುವ ದಾನ. "ನೀವು ಕ್ರೈಸ್ತರಲ್ಲವೇ, ಕ್ಷಮಿಸಿಬಿಡಿ" ಎಂದು ಹೇಳಿ ವಿಧವೆಯ ಪಾಲನ್ನು ನುಂಗುವವನು ಕ್ಷಮೆಯನ್ನೇ ಕದಿಯುತ್ತಾನೆ. "ದುಡ್ಡು ಕೊಟ್ಟಾಯಿತಲ್ಲ, ಇನ್ನೇನು?" ಎನ್ನುವವನು ಪಶ್ಚಾತ್ತಾಪವೆಂದರೇನೆಂದು ಅರಿಯದವನು. ಥಿಯೋಡೋರರ ಹೆಸರಿನಲ್ಲಿ ಉಳಿದು ಬಂದಿರುವ ಪ್ರಾಯಶ್ಚಿತ್ತ ವಿಧಿಗಳಲ್ಲಿ ಒಂದು ನಿಯಮವಿದೆ: ಬಂಧುವಿನ ಸೇಡಿಗಾಗಿ ಕೊಂದವನು 7 ಅಥವಾ 10 ವರ್ಷ ಪ್ರಾಯಶ್ಚಿತ್ತ ಮಾಡಬೇಕು, ಸತ್ತವನ ಮನೆಯವರಿಗೆ ಸಲ್ಲಬೇಕಾದ ಹಣ ಸಲ್ಲಿಸಿದರೆ ಅದರಲ್ಲಿ ಅರ್ಧ ಕಡಿಮೆ. ಎಂಥ ವಿವೇಕ! ಹಣ ಅರ್ಧವನ್ನು ತೀರಿಸಿತು. ಉಳಿದರ್ಧವನ್ನು ಮನುಷ್ಯ ದೇವರ ಮುಂದೆ ಮೊಣಕಾಲೂರಿಯೇ ತೀರಿಸಬೇಕು. ಇಂದಿಗೂ ಧರ್ಮಸಭೆ ಹೇಳುವುದು ಇದನ್ನೇ: ಪಾಪನಿವೇದನೆಯಲ್ಲಿ ಕ್ಷಮೆ ದೊರೆತರೂ ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು.

ನಿಮ್ಮ ಕುಟುಂಬದಲ್ಲಿಯೂ ಹಳೆಯ ಹಗೆಯೊಂದು ಇರಬಹುದು. ಆಸ್ತಿಯ ಪಾಲು, ಹಿಂದಿರುಗದ ಸಾಲ, ಮದುವೆಯ ಮನೆಯಲ್ಲಿ ಆಡಿದ ಒಂದು ಮಾತು. ತೆರಬೇಕಾದವರು ನೀವಾಗಿದ್ದರೆ, ಅವರು ಕೇಳುವವರೆಗೆ ಕಾಯಬೇಡಿ. 40 ದಿನಗಳೊಳಗೆ ತೀರಿಸಬೇಕೆಂದು ಆ ಹಳೆಯ ಕಾನೂನೂ ಹೇಳಿತ್ತು. ನೊಂದವರು ನೀವಾಗಿದ್ದರೆ, ನಿಮಗೆ ಸಲ್ಲಬೇಕಾದದ್ದನ್ನು ಕೇಳುವುದು ಪಾಪವಲ್ಲ. ಕೇಳುವಾಗ ಹಗೆ ಬೇಡ, ಅಷ್ಟೇ. ಒಮ್ಮೆಲೇ ಕ್ಷಮಿಸಲು ಮನಸ್ಸು ಬಾರದಿದ್ದರೆ ಎಯನ್‌ಫ್ಲೆಡ್ ರಾಣಿಯ ದಾರಿಯಿಂದಲೇ ಆರಂಭಿಸಿ. ಇಂದು ರಾತ್ರಿ ಮನೆಮಂದಿಯೆಲ್ಲ ಜಪಸರಕ್ಕೆ ಕೂಡಿದಾಗ ನಿಮ್ಮವರ ಹೆಸರಿನ ಜೊತೆಗೆ ಆ ಇನ್ನೊಂದು ಹೆಸರನ್ನೂ ಹೇಳಿ. ನಾಲಿಗೆ ತಡವರಿಸಬಹುದು. ತಡವರಿಸಿದರೂ ಹೇಳಿ.