ಸಲ್ಲೇಖನ: ವ್ರತವೋ ಆತ್ಮಹತ್ಯೆಯೋ

ಜೈನರ ಸಲ್ಲೇಖನ ವ್ರತದಲ್ಲಿ ಕರಗಬೇಕಾದವು ಎರಡು: ಒಂದು ಶರೀರ, ಇನ್ನೊಂದು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯ. ವ್ರತ ಹಿಡಿದವರು ಮೊದಲು ಅನ್ನ ಬಿಡುತ್ತಾರೆ, ಆಮೇಲೆ ಹಾಲಿನಂಥ ದ್ರವಾಹಾರ, ಕಡೆಗೆ ನೀರು. ಕನ್ನಡನಾಡಿಗೆ ಇದು ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳಲ್ಲಿ ಏಳನೆಯ ಶತಮಾನದಿಂದಲೇ ಹೀಗೆ ಪ್ರಾಣ ಬಿಟ್ಟವರ ಹೆಸರುಗಳಿವೆ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ದೇಹ ಬಿಟ್ಟದ್ದೂ, ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ ಈ ವ್ರತ ಕೈಗೊಂಡದ್ದೂ ಬೆಳಗೊಳದಲ್ಲೇ.

ಶ್ವೇತಾಂಬರರು ಸಂಥಾರಾ ಎನ್ನುವ ಈ ವ್ರತವನ್ನು ರಾಜಸ್ಥಾನ ಹೈಕೋರ್ಟು 2015ರ ಆಗಸ್ಟ್ 10ರಂದು ಆತ್ಮಹತ್ಯೆಯೆಂದು ಪರಿಗಣಿಸಿ, ತಡೆಯುವಂತೆ ಸರ್ಕಾರಕ್ಕೆ ಹೇಳಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಹೈಕೋರ್ಟು ಹಿಡಿದ ಅಳತೆಗೋಲು, ಇದು ಜೈನಧರ್ಮದ ಅತ್ಯಗತ್ಯ ಆಚರಣೆಯೇ ಎಂಬುದು. ಈ ಅಳತೆಗೋಲಿನ ಮೂಲ ಉಡುಪಿಯ ಶೀರೂರು ಮಠದ 1954ರ ಪ್ರಕರಣದಲ್ಲಿದೆ. ಯಾವುದು ಅತ್ಯಗತ್ಯವೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ಅರಿಯಬೇಕು ಎಂದು ಸುಪ್ರೀಂ ಕೋರ್ಟು ಅಂದು ಹೇಳಿತ್ತು. ಸಲ್ಲೇಖನಕ್ಕೆ ಈ ಗೋಲು ಹೊಂದುವುದಿಲ್ಲ. ಎಲ್ಲ ಜೈನರೂ ಹಿಡಿಯಲೇಬೇಕಾದ ವ್ರತವಲ್ಲದ್ದರಿಂದ ಇದು ಅತ್ಯಗತ್ಯವಲ್ಲ ಎನ್ನುವುದಾದರೆ, ಸನ್ಯಾಸವೂ ಯಾವ ಧರ್ಮಕ್ಕೂ ಅತ್ಯಗತ್ಯವಾಗದು.

ಜೈನ ಆಚಾರ್ಯರು ಕೇಳಿದ ಪ್ರಶ್ನೆಯೇ ಬೇರೆ. ಸಮಂತಭದ್ರರ ‘ರತ್ನಕರಂಡ ಶ್ರಾವಕಾಚಾರ’ದಂತೆ ಪರಿಹಾರವಿಲ್ಲದ ಉಪಸರ್ಗ (ಆಪತ್ತು), ಬರ, ಮುಪ್ಪು, ರೋಗ ಬಂದಾಗ ಮಾತ್ರ ಈ ವ್ರತ ಸಲ್ಲುತ್ತದೆ. ‘ತತ್ತ್ವಾರ್ಥಸೂತ್ರ’ ಇದಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತದ ಲೋಪಗಳನ್ನು, ಹೇಳುತ್ತದೆ. ಬದುಕಿರಬೇಕೆಂಬ ಆಸೆ ಒಂದಾದರೆ, ಬೇಗ ಸಾಯಬೇಕೆಂಬ ಆಸೆಯೂ ಒಂದು. ಅಂದರೆ ಸಾವನ್ನು ಬಯಸಿದೊಡನೆ ವ್ರತಕ್ಕೆ ಕಳಂಕ. ಈ ಸೂತ್ರಗಳಿಗೆ ವ್ಯಾಖ್ಯಾನ ಬರೆದ ಪೂಜ್ಯಪಾದರು ಇಲ್ಲಿ ವರ್ತಕನ ಉಪಮೆ ತರುತ್ತಾರೆ: ಉಗ್ರಾಣ ಹಾಳಾಗಲೆಂದು ಯಾವ ವರ್ತಕನೂ ಬಯಸನು; ಅದನ್ನು ಉಳಿಸಲು ಹೆಣಗುತ್ತಾನೆ; ಉಳಿಯದೆಂದು ಕಂಡಾಗ ಒಳಗಿನ ಸರಕನ್ನಾದರೂ ಕಾಯುತ್ತಾನೆ. ರಾಗದ್ವೇಷಗಳಿಲ್ಲದ ಕಡೆ ಆತ್ಮವಧೆಯ ದೋಷವಿಲ್ಲ ಎಂಬುದು ಅವರ ವಾದ. ಉದ್ದೇಶವನ್ನು ನೋಡಿಯೇ ಕೊಲೆಯನ್ನೂ ಆಕಸ್ಮಿಕವನ್ನೂ ಬೇರ್ಪಡಿಸುವ ದಂಡಶಾಸ್ತ್ರಕ್ಕೆ ಈ ವಾದ ಅಪರಿಚಿತವಾಗಬೇಕಿರಲಿಲ್ಲ.

ಕಾನೂನು ಬೇರೆ ದಾರಿಯಿಂದ ಇದೇ ಜಾಗಕ್ಕೆ ಹತ್ತಿರವಾಗಿದೆ. ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲವೆಂದು 1996ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, ಗುಣವಾಗದ ರೋಗಿ ಜೀವರಕ್ಷಕ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡಬಹುದೆಂದಿತು. ಇದರ ಜಾರಿಗೆ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ವೆಂಟಿಲೇಟರ್ ಬೇಡವೆನ್ನುವವರಿಗೂ ತುತ್ತು ಬೇಡವೆನ್ನುವವರಿಗೂ ನಡುವಿನ ಅಂತರವೆಷ್ಟು ಎಂಬುದು ಈಗಿನ ಪ್ರಶ್ನೆ.

ನಿಜವಾದ ತೊಡಕು ಸಮ್ಮತಿಯದು. ಹಾಸಿಗೆ ಹಿಡಿದ ಮುದುಕಿಯ ಒಪ್ಪಿಗೆ ಆಕೆಯದೋ, ಮನೆಯವರದೋ? ವ್ರತವನ್ನು ಮೆರವಣಿಗೆಯಂತೆ ಕೊಂಡಾಡುವ ಊರಿನಲ್ಲಿ ನಡುವೆ ಬಿಡಬೇಕೆನಿಸಿದರೆ ಬಿಡಲಾದೀತೇ? ಗುರುವಿನ ಅನುಮತಿಯಿಲ್ಲದೆ ವ್ರತವಿಲ್ಲ ಎಂಬ ನಿಯಮ ಇಂಥ ಸಂದೇಹಕ್ಕೆ ಶಾಸ್ತ್ರ ಇಟ್ಟ ಕಾವಲು. ಅದೊಂದೇ ಸಾಲದು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯಾ ಯತ್ನವನ್ನು ಶಿಕ್ಷಿಸುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಸೆಕ್ಷನ್ ಇಲ್ಲ. ಸರ್ಕಾರಿ ನೌಕರರನ್ನು ಮಣಿಸಲು ಮಾಡುವ ಆತ್ಮಹತ್ಯಾ ಯತ್ನವಷ್ಟೇ ಈಗ ಅಪರಾಧ. ಹಾಗಾಗಿ ವ್ರತಿಗೆ ಶಿಕ್ಷೆಯ ಭಯ ಬಹುಮಟ್ಟಿಗೆ ಹೋಗಿದೆ. ಆತ್ಮಹತ್ಯೆಗೆ ಪ್ರಚೋದನೆ ಮಾತ್ರ 108ನೆಯ ಸೆಕ್ಷನ್ ಅಡಿ ಅಪರಾಧವಾಗಿಯೇ ಉಳಿದಿದೆ; ವ್ರತ ಕೊಡುವ ಗುರು ಮತ್ತು ಪಕ್ಕದಲ್ಲಿ ಕೂತ ಮನೆಯವರ ಮಟ್ಟಿಗೆ ಹಳೆಯ ಪ್ರಶ್ನೆ ಹಾಗೆಯೇ ಇದೆ.